ಮಗಳಿಗೆ ಸ್ಕಾಲರ್‌ಶಿಪ್ ಸಿಕ್ಕಿತು, ಕೂಡಿಟ್ಟ ಹಣಕ್ಕೆ ತೆರಿಗೆಯೇ?

ಜೂನ್ ಬಂತೆಂದರೆ ಫೋರ್ಟ್ ಪರಿಸರದ ನಮ್ಮ ಹೋಟೆಲು ಮಾಲಕರ ಮಾತು ಗ್ಯಾಸಿನ ದರ ಬಿಟ್ಟು ಕಾಲೇಜು ಫೀಸಿನ ಕಡೆ ಹೊರಳುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ಹಿರಿಯರು ನಮ್ಮಲ್ಲಿ ಹಲವರು. ಮಕ್ಕಳ ಓದಿಗೆಂದು ಅವರು ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿರುತ್ತಾರೆ. ಮಗಳಿಗೆ ಸಂಘದ್ದೋ ಸರಕಾರದ್ದೋ ವಿದ್ಯಾರ್ಥಿವೇತನ ಸಿಕ್ಕಾಗ ಸಂತೋಷದ ಜತೆಗೆ ಒಂದು ಅಳುಕೂ ಹುಟ್ಟುತ್ತದೆ: ಓದಿಗೆ ಬೇಡವಾದ ಈ ಹಣ ತೆಗೆದರೆ ತೆರಿಗೆ ಬೀಳುತ್ತದೆಯೇ?

ವಿದ್ಯಾರ್ಥಿವೇತನದ ವಿಷಯ ಸರಳ. ಓದಿನ ಖರ್ಚಿಗೆಂದು ಕೊಟ್ಟ ಮೊತ್ತಕ್ಕೆ ಆದಾಯ ತೆರಿಗೆ ಇಲ್ಲ. 1961ರ ಕಾಯ್ದೆಯ 10(16)ನೇ ಕಲಮಿನಲ್ಲಿದ್ದ ಈ ವಿನಾಯಿತಿಯನ್ನು, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯೂ ಉಳಿಸಿಕೊಂಡಿದೆ.

ಸಿಕ್ಕು ಇರುವುದು ಸುಕನ್ಯಾ ಸಮೃದ್ಧಿ ಖಾತೆಯಲ್ಲಿ. 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮಗಳಿಗೆ 18 ತುಂಬಿದ ಮೇಲೆ, ಅಥವಾ ಹತ್ತನೇ ತರಗತಿ ಪಾಸಾದ ಮೇಲೆ, ಹಿಂದಿನ ವರ್ಷದ ಕೊನೆಯಲ್ಲಿದ್ದ ಬಾಕಿಯ ಅರ್ಧದವರೆಗೆ ಓದಿಗೆ ತೆಗೆಯಬಹುದು. ತೆಗೆದದ್ದಕ್ಕೆ ತೆರಿಗೆ ಇಲ್ಲ. ಆದರೆ ಕಾಲೇಜು ಲಿಖಿತವಾಗಿ ಕೇಳಿದ ಫೀಸು ಮತ್ತು ಇತರ ಶುಲ್ಕಕ್ಕಿಂತ ಹೆಚ್ಚು ಸಿಗದು. ಸ್ಕಾಲರ್‌ಶಿಪ್ ಕಳೆದು ಕಾಲೇಜು ಕೇಳಿದ್ದು ಇಪ್ಪತ್ತು ಸಾವಿರವಾದರೆ ಓದಿನ ಹೆಸರಿನಲ್ಲಿ ಸಿಗುವುದೂ ಅಷ್ಟೇ. ಇಲ್ಲಿ ಕಾಡುವುದು ತೆರಿಗೆಯಲ್ಲ, ಹಣದ ಬಂಧನ. ಉಳಿದದ್ದು ಖಾತೆ ತೆರೆದು 21 ವರ್ಷವಾಗುವ ತನಕ, ಇಲ್ಲವೇ 18ರ ಮೇಲೆ ಮಗಳ ಮದುವೆಯ ತನಕ ಅಲ್ಲೇ ಬೆಳೆಯುತ್ತದೆ. ಆ ಬಡ್ಡಿಗೂ ತೆರಿಗೆ ಇಲ್ಲ. ಆ ದುಡ್ಡಿನಿಂದ ಕಿಚನ್ ರಿಪೇರಿ ಮಾಡಿಸುವ ಲೆಕ್ಕ ಹಾಕಿದ್ದವರು ಬೇರೆ ದಾರಿ ನೋಡಬೇಕು!

ಪಿ.ಪಿ.ಎಫ್. ಇಷ್ಟು ಬಿಗಿಯಲ್ಲ. ಏಳನೇ ಹಣಕಾಸು ವರ್ಷದಿಂದ ಮಿತಿಯೊಳಗೆ ತೆಗೆಯಬಹುದು, ಕಾರಣ ಕೇಳುವವರಿಲ್ಲ, ತೆರಿಗೆಯೂ ಇಲ್ಲ. ಎಫ್.ಡಿ. ಹಾಗಲ್ಲ. ಓದಿಗೆ ಬಳಸಲಿ ಬಿಡಲಿ, ಬಡ್ಡಿಗೆ ತೆರಿಗೆ ಉಂಟು. ಮಗು ಅಪ್ರಾಪ್ತವಾದರೆ ಸಾಮಾನ್ಯವಾಗಿ ಅದು ತಂದೆ ಅಥವಾ ತಾಯಿಯ ಆದಾಯಕ್ಕೇ ಸೇರುತ್ತದೆ.

ನಮ್ಮವರು ಎಡವುವುದು ಇನ್ನೊಂದು ಕಡೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ಇಬ್ಬರು ಮಕ್ಕಳ ಟ್ಯೂಷನ್ ಫೀಸನ್ನು ಒಟ್ಟು ಒಂದೂವರೆ ಲಕ್ಷದ ಮಿತಿಯೊಳಗೆ ತೋರಿಸುತ್ತಾರೆ. ಸ್ಕಾಲರ್‌ಶಿಪ್ ಕಟ್ಟಿದ ಫೀಸು ಇದರಲ್ಲಿ ಸೇರಕೂಡದು. ಕೈಯಿಂದ ಕೊಟ್ಟದ್ದಷ್ಟೇ ಲೆಕ್ಕ. ಮಗನ ಫೀಸನ್ನು ಗಲ್ಲಾದಿಂದ ಕಟ್ಟಿ ಹೋಟೆಲಿನ ಖರ್ಚೆಂದು ಬರೆಯುವುದಂತೂ ಬೇಡವೇ ಬೇಡ, ಅದು ಮನೆ ಖರ್ಚು.

ಅಮೆರಿಕದಲ್ಲಿರುವ ಅಣ್ಣನೋ ಮಗಳೋ ಅಲ್ಲಿನ 529 ಖಾತೆಯಲ್ಲಿ ಉಳಿಸುತ್ತಿದ್ದರೆ ಲೆಕ್ಕ ಬೇರೆ. ಓದಿಗಲ್ಲದೆ ತೆಗೆದರೆ ಗಳಿಕೆಯ ಭಾಗಕ್ಕೆ ಆದಾಯ ತೆರಿಗೆ, ಮೇಲೆ ಶೇ. 10 ದಂಡ. ಸ್ಕಾಲರ್‌ಶಿಪ್ ಮೊತ್ತದಷ್ಟು ತೆಗೆದರೆ ದಂಡ ಮಾಫಿ, ತೆರಿಗೆ ಮಾತ್ರ ತಪ್ಪದು. ಅಲ್ಲಿಂದ ಫೋನು ಬಂದರೆ ಇಲ್ಲಿನ ನಿಯಮ ಹೇಳಬೇಡಿ.

ನಮ್ಮ ಸದಸ್ಯರು ಈ ವರ್ಷದ ಫೀಸ್ ರಸೀದಿಯಲ್ಲಿ ಸ್ಕಾಲರ್‌ಶಿಪ್ ಕಳೆದ ಮೊತ್ತವನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಅಂಚೆ ಕಚೇರಿಗೂ ಸಿ.ಎ.ಯವರಿಗೂ ಬೇಕಾಗುವುದು ಆ ಕಾಗದವೇ.