ಕಳಲೆಯ ಬಯಲಿಗೆ ಒಪ್ಪುವ ಕಲ್ಲುತೋಟ

ಯೂರೋಪಿನ ಆಲ್ಪ್ಸ್ ಮೊದಲಾದ ಪರ್ವತಗಳಲ್ಲಿ, ಮರಗಳು ಬೆಳೆಯದ ಎತ್ತರದಲ್ಲಿ, ಕಲ್ಲಿನ ಸಂದುಗಳಲ್ಲಿ ಬಾಳುವ ಗಿಡ್ಡ ಹೂಗಿಡಗಳನ್ನು ಕೂಡಿಸಿ ಬೆಳೆಸುವ ಹವ್ಯಾಸವು ಶೀತದೇಶಗಳಲ್ಲಿ ಬಹಳವಾಗಿ ಪ್ರಚಾರದಲ್ಲಿದೆ. ಅಂಥ ಗಿಡಗಳನ್ನು ಹಣ ತೆತ್ತು ಉದಕಮಂಡಲದಿಂದ ತಂದು ಕಳಲೆಯಲ್ಲಿ ನೆಟ್ಟರೆ ಅವು ಒಂದು ಮಳೆಗಾಲವನ್ನು ಕಳೆಯುವುದೂ ದುರ್ಲಭ. ಉದಕಮಂಡಲವು 7,000 ಅಡಿಗೂ ಮೇಲಿದೆ. ಕಳಲೆಯ ಬಯಲು 2,500 ಅಡಿಯನ್ನು ಮುಟ್ಟದು. ಹಾನಿಗೆ ಹಗಲಿನ ಬಿಸಿಲೊಂದೇ ಕಾರಣವಲ್ಲ. ಹಿಮದ ಕೆಳಗೆ ತಿಂಗಳುಗಟ್ಟಲೆ ನಿದ್ರಿಸುವ ಸಸ್ಯಕ್ಕೆ ಇಲ್ಲಿ ವಿಶ್ರಾಂತಿಯೇ ದೊರೆಯದು. ರಾತ್ರಿಯೂ ಸೆಕೆಯಿದ್ದು ತೇವವು ನಿಂತರೆ ಬೇರು ಕೊಳೆಯುವುದು.

ಆದುದರಿಂದ ಗಿಡವನ್ನು ಬಿಟ್ಟು ಕ್ರಮವನ್ನು ಮಾತ್ರ ಎರವಲು ಪಡೆಯುವುದು ಲೇಸು. ಹೊಲದ ಬದುವಿನಲ್ಲಿ ರಾಶಿಬಿದ್ದ ಕಲ್ಲುಗಳೇ ಇದಕ್ಕೆ ಸಾಕು. ಇಳಿಜಾರು ಮಾಡಿ, ಪ್ರತಿಯೊಂದು ಕಲ್ಲಿನ ಮೂರನೆಯ ಒಂದು ಪಾಲನ್ನು ಹೂಳಿ, ಮಳೆನೀರು ಬೇರಿನತ್ತ ಹರಿಯುವಂತೆ ಅದನ್ನು ಹಿಂದಕ್ಕೆ ಓರೆಯಾಗಿ ಕೂರಿಸತಕ್ಕದ್ದು. ಕೆಮ್ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು ಸಮಭಾಗವಾಗಿರಲಿ. ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಕೂಡದು. ಹಸಿ ಗೊಬ್ಬರವೂ ಕೂಡದು. ಈ ಸಂದುಗಳಲ್ಲಿ ಲೋಳೆಸರ, ಮಂಗರವಳ್ಳಿ, ಕಾಡುಬಸಳೆ, ದೊಡ್ಡಪತ್ರೆ ಚೆನ್ನಾಗಿ ಬರುತ್ತವೆ. ಕಾಡುಬಸಳೆಯ ಒಂದೆಲೆಯನ್ನು ಮಣ್ಣಿನ ಮೇಲಿಟ್ಟರೆ ಅದರ ಅಂಚಿನಲ್ಲಿಯೇ ಮರಿಗಿಡಗಳು ಏಳುವುವು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಣ್ಣು ಪೂರ್ತಿಯಾಗಿ ಒಣಗಿದ ಮೇಲೆಯೇ ನೀರು ಕೊಡಬೇಕು.

ಸಂಗ್ರಹದ ಆಸೆಯು ಕಾಡಿನ ಬಂಡೆಗಳನ್ನು ಬೋಳುಮಾಡಬಾರದು. ಬಿಳಿಗಿರಿರಂಗನ ಬೆಟ್ಟದ ಅರಣ್ಯವು 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದ್ದು, ಅಲ್ಲಿ ಗಿಡ ಕೀಳುವುದು ಅಪರಾಧ. ಕಲ್ಲಿನ ಸಂದಿನಲ್ಲಿ ಬೇರೂರಿ ನಿಧಾನವಾಗಿ ಬೆಳೆದ ಗಿಡವನ್ನು ಕಿತ್ತು ತಂದರೆ ಅದು ಬದುಕುವುದೂ ಅಪರೂಪ. ನೆರೆಯವರ ಹಿತ್ತಿಲಿನಿಂದ ತಂದ ಕಡ್ಡಿಯನ್ನು ನಾಲ್ಕು ದಿನ ನೆರಳಿನಲ್ಲಿ ಆರಿಸಿ, ಕತ್ತರಿಸಿದ ತುದಿಯು ಒಣಗಿದ ಮೇಲೆ ನೆಡತಕ್ಕದ್ದು.