ಅಪ್ಪನ ಎಡಗೈ ಮತ್ತು ಮೊಟ್ಟೆಯಾದ ವೃತ್ತ

ನಮ್ಮಪ್ಪ ತಿಪಟೂರಿನ ಹತ್ತಿರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಕೈವಾರ ಮುಟ್ಟದೆ ಬೋರ್ಡಿನ ಮೇಲೆ ದುಂಡಗೆ ವೃತ್ತ ಬರೆಯುತ್ತಿದ್ದರು. ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈ ಸೋತುಹೋಯಿತು. ಎಡಗೈಯಲ್ಲಿ ಅಭ್ಯಾಸ ಮಾಡಿಕೊಳ್ಳಲಿ, ತಪ್ಪಾದರೆ ಅಳಿಸೋದೂ ಸುಲಭ ಅಂತ ಸ್ನೇಹಿತೆಯ ಹಳೇ ವೇಕಾಮ್ ಟ್ಯಾಬ್ಲೆಟ್ ತಂದುಕೊಟ್ಟೆ. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸ್. ಚಿತ್ರ ಬಿಡಿಸೋಕೆ ಕ್ರಿಟಾ ಹಾಕಿದೆ, ಅದು ಉಚಿತ.

ಕೇಬಲ್ ಚುಚ್ಚಿದ ಕೂಡಲೇ ಪೆನ್ನು ಓಡಿತು. ಡ್ರೈವರ್ ಕರ್ನಲ್‌ನಲ್ಲೇ ಇರುತ್ತೆ, ಇಷ್ಟೇನಾ ಅಂದುಕೊಂಡೆ.

ಅಪ್ಪ ಮೊದಲು ಬರೆದದ್ದು ವೃತ್ತ. ಪರದೆ ಮೇಲೆ ಬಂದದ್ದು ಅಡ್ಡ ಮಲಗಿದ ಮೊಟ್ಟೆ. "ನೋಡಿದ್ಯಾ, ಎಡಗೈ ಹಣೆಬರಹ" ಅಂದರು. ತಪ್ಪು ಕೈಯದಲ್ಲ. ದೊಡ್ಡದಾಗಿ ಕಾಣಲಿ ಅಂತ ನಾನು ಟಿ.ವಿ.ಯನ್ನೂ ಜೋಡಿಸಿದ್ದೆ. ಟ್ಯಾಬ್ಲೆಟ್ಟು ಎರಡು ಪರದೆಯ ಅಗಲಕ್ಕೂ ಹರಡಿಕೊಂಡು ಗೆರೆಯನ್ನು ಅಡ್ಡಕ್ಕೆ ಎಳೆದಿತ್ತು.

ಇದಕ್ಕೆ 'ಎಕ್ಸ್‌ಸೆಟ್‌ವೇಕಾಮ್' ಅನ್ನೋ ಕಮಾಂಡ್ ಇದೆ. ಸಾಧನಗಳ ಪಟ್ಟಿ ಕೇಳಿದರೆ ಪೆನ್ನಿಗೊಂದು, ಬಟನ್ನಿರುವ ಪ್ಯಾಡಿಗೊಂದು ಹೆಸರು ತೋರಿಸುತ್ತೆ. ಪೆನ್ನಿನ ಹೆಸರು ಕೊಟ್ಟು 'ಮ್ಯಾಪ್‌ಟುಔಟ್‌ಪುಟ್' ಮುಂದೆ ಟಿ.ವಿ. ಪರದೆಯ ಹೆಸರು ಹಾಕಿದೆ. ಆ ಹೆಸರು 'ಎಕ್ಸ್‌ರಾಂಡರ್' ಹೇಳುತ್ತೆ. ಮೊಟ್ಟೆ ದುಂಡಗಾಯಿತು. ಎಡಗಡೆ ಇದ್ದ ಬಟನ್‌ಗಳಿಗೆ ಅಂಗೈ ತಾಗುತ್ತಿತ್ತು, ಟ್ಯಾಬ್ಲೆಟ್ಟನ್ನೇ ತಿರುಗಿಸಿಟ್ಟು 'ರೊಟೇಟ್ ಹಾಫ್' ಕೊಟ್ಟೆ. ಒತ್ತಡದ್ದು ಕೊನೆಗೆ. 'ಪ್ರೆಶರ್‌ಕರ್ವ್' ಸಾಮಾನ್ಯವಾಗಿ 0 0 100 100 ಇರುತ್ತೆ. ಅಪ್ಪನ ಎಡಗೈಯಲ್ಲಿ ಒತ್ತುವ ಬಲ ಎಲ್ಲಿಂದ ಬರಬೇಕು? 0 75 25 100 ಮಾಡಿದೆ. ಮೆತ್ತಗೆ ಮುಟ್ಟಿದರೂ ಗೆರೆ ದಪ್ಪಗೆ ಬಂತು. ಅಪ್ಪ ಏನೂ ಹೇಳಲಿಲ್ಲ, ಇನ್ನೊಂದು ಗೆರೆ ಎಳೆದರು.

ನಾನು ಬೆಂಗಳೂರಿಗೆ ವಾಪಸು ಬಂದು ಮೂರು ವಾರವಾಗಿತ್ತು. ಅಮ್ಮನ ಫೋನು: "ಎರಡು ದಿನದಿಂದ ಬರೀತಾನೇ ಇಲ್ಲ ಕಣೇ. ಕೈ ಮತ್ತೆ ಹೋಯ್ತು ಅಂತ ಸುಮ್ಮನೆ ಕೂತಿದಾರೆ." ಎದೆ ಧಸಕ್ಕೆಂದಿತು. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಪೆನ್ನು ಮೇಲಕ್ಕೆಳೆದರೆ ಗೆರೆ ಕೆಳಕ್ಕೆ ಹೋಗ್ತಿದೆ. ಅಮ್ಮ ಧೂಳು ಒರೆಸುವಾಗ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ್ದಳಂತೆ. ಕೇಬಲ್ ತೆಗೆದರೆ ಈ ಸೆಟ್ಟಿಂಗ್ ಯಾವುದೂ ಉಳಿಯಲ್ಲ. ಗೊತ್ತಿದ್ದೂ ನಾನು ಸೋಮಾರಿತನ ಮಾಡಿದ್ದೆ. ಅಪ್ಪ ಎರಡು ದಿನ ತಮ್ಮ ಕೈಯನ್ನೇ ಬೈದುಕೊಂಡಿದ್ದರು.

ಆ ಶನಿವಾರವೇ ಊರಿಗೆ ಹೋಗಿ ಮೂರೂ ಸಾಲನ್ನು ಒಂದು ಫೈಲಿಗೆ ಹಾಕಿ, ಲಾಗಿನ್ ಆದಾಗ ತಾನೇ ಓಡುವಂತೆ ಮಾಡಿದೆ. ಮಧ್ಯೆ ಕೇಬಲ್ ಬಿಟ್ಟರೆ ಒತ್ತೋಕೆ ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್. ಹೆಸರು 'ಗೆರೆ ಸರಿಮಾಡು'. ನನ್ನದು ಎಕ್ಸ್‌ಎಫ್‌ಸಿಇ, ಅದಕ್ಕೇ ಇಷ್ಟು ಪಾಡು. ನಿಮ್ಮದು ಗ್ನೋಮ್ ಆದರೆ ಸೆಟ್ಟಿಂಗ್ಸ್‌ನಲ್ಲೇ ವೇಕಾಮ್ ಪುಟ ಇದೆ, ಅಲ್ಲೇ ಮಾಡಿಕೊಳ್ಳಿ. ವೇಲ್ಯಾಂಡ್‌ನಲ್ಲಂತೂ ಈ ಕಮಾಂಡ್ ನಡೆಯೋದೇ ಇಲ್ಲ.

ನಿನ್ನೆ ಅಪ್ಪ ಹಿತ್ತಲಿನ ತೆಂಗಿನಮರ ಬರೆದು ಕಳಿಸಿದ್ದಾರೆ. ಗರಿಗಳು ಇನ್ನೂ ಬಾಗಿಲ್ಲ, ಪೊರಕೆ ಥರ ನಿಂತಿವೆ. ಕೆಳಗೆ ಕೆಂಪು ಬಣ್ಣದಲ್ಲಿ 'ಮತ್ತೆ ಬರಿ' ಅಂತ ತಾವೇ ಗೀಚಿ, 10ಕ್ಕೆ 4 ಕೊಟ್ಟುಕೊಂಡಿದ್ದಾರೆ.