ಅಪರಾಧಕ್ಕೆ ಗುರಿಯಾದ ಕುಟುಂಬಗಳು: ಸರಕಾರದ ಹಣ ಎಲ್ಲಿ, ನಮ್ಮ ಹಣ ಎಲ್ಲಿ?



ಕೊಲೆ, ಲೈಂಗಿಕ ದೌರ್ಜನ್ಯ, ಆ್ಯಸಿಡ್ ದಾಳಿಯಂತಹ ಅಪರಾಧಗಳಿಂದ ನೊಂದ ಮನೆಗಳ ಮಕ್ಕಳಿಗೆ ನಮ್ಮ ಟ್ರಸ್ಟ್ ಶಾಲಾ-ಕಾಲೇಜು ಶುಲ್ಕ ಕಟ್ಟುತ್ತದೆ. ಈ ವಿಷಯ ಬಂದಾಗಲೆಲ್ಲ ದಾನಿಗಳಿಂದ ಎರಡು ಪ್ರಶ್ನೆಗಳು ಬರುತ್ತವೆ. "ಇಂತಹವರಿಗೆ ಸರಕಾರವೇ ಲಕ್ಷಗಟ್ಟಲೆ ಪರಿಹಾರ ಕೊಡುತ್ತದಲ್ಲ, ನಮ್ಮ ಹಣ ಏಕೆ?" ಎಂಬುದು ಒಂದು. "ಈ ಕೆಲಸ ಮಾಡುವ ಸಂಸ್ಥೆಗಳಿಗೆ ಸರಕಾರದ ಅನುದಾನ ಇದೆ, ನೀವೇಕೆ ಅರ್ಜಿ ಹಾಕುವುದಿಲ್ಲ?" ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಕುಟುಂಬಕ್ಕೆ ಸಲ್ಲುವ ಪರಿಹಾರ ಒಂದು ಹಣ, ಸಂಸ್ಥೆಗೆ ಸಿಗುವ ಅನುದಾನ ಮತ್ತೊಂದು ಹಣ. ಇವೆರಡರ ದಾರಿ, ನಿಯಮ, ವೇಗ ಎಲ್ಲವೂ ಬೇರೆ.

ಮೊದಲು ಕುಟುಂಬದ ಹಣದ ಮಾತು. ದಂಡ ಪ್ರಕ್ರಿಯಾ ಸಂಹಿತೆಗೆ 357ಎ ಕಲಂ ಸೇರಿ ಅದು 2009ರ ಕೊನೆಯ ದಿನದಿಂದ ಜಾರಿಗೆ ಬಂತು. ಅದರಂತೆ ಪ್ರತಿಯೊಂದು ರಾಜ್ಯವೂ ಸಂತ್ರಸ್ತರ ಪರಿಹಾರ ಯೋಜನೆ ರೂಪಿಸಬೇಕಾಯಿತು. ನಮ್ಮಲ್ಲಿರುವುದು ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011. ಈಗ 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆ ಜಾಗದಲ್ಲಿದೆ. ಹಣ ಅಪರಾಧಿಯ ಜೇಬಿನಿಂದ ಬರಬೇಕೆಂದಿಲ್ಲ, ಸರಕಾರದ ನಿಧಿಯಿಂದ ಬರುತ್ತದೆ. ಎಷ್ಟು ಎಂದು ನಿರ್ಧರಿಸುವುದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೂ, ನೊಂದವರಿಗೆ ಪುನರ್ವಸತಿ ಬೇಕೆಂದು ಕಂಡುಬಂದರೆ ನ್ಯಾಯಾಲಯ ಶಿಫಾರಸು ಮಾಡಬಹುದು. "ಕೇಸ್ ಮುಗಿಯಲಿ, ಆಮೇಲೆ ನೋಡೋಣ" ಎಂದು ಕಾಯುವ ಕುಟುಂಬಗಳೇ ಹೆಚ್ಚು. ಕಾಯುವ ಅಗತ್ಯವಿಲ್ಲ. ಅರ್ಜಿಗೆ ಕಾಲಮಿತಿ ಇರುವುದರಿಂದ ಕಾಯುವುದು ನಷ್ಟವೂ ಹೌದು.

ನೊಂದವರು ಮಹಿಳೆಯರಾಗಿದ್ದರೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 2018ರಲ್ಲಿ ರೂಪಿಸಿದ ಪ್ರತ್ಯೇಕ ಯೋಜನೆ ಇದೆ. ಅದರ ದರಪಟ್ಟಿಯಲ್ಲಿ ಪ್ರಾಣಹಾನಿಗೆ 5ರಿಂದ 10 ಲಕ್ಷ ರೂಪಾಯಿ, ಆ್ಯಸಿಡ್ ದಾಳಿಯಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ ಎಂದಿದೆ. ಪುರುಷರು ಕೊಲೆಯಾದ ಪ್ರಕರಣಗಳಿಗೆ ರಾಜ್ಯದ ಯೋಜನೆಯ ದರವೇ ಅನ್ವಯ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಲ್ಲಿ, 2020ರ ಪೋಕ್ಸೋ ನಿಯಮಗಳಂತೆ, ಎಫ್‌ಐಆರ್ ಆದ ಮೇಲೆ ಯಾವುದೇ ಹಂತದಲ್ಲಿ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದು.

ಇಷ್ಟು ಓದಿದ ದಾನಿಗಳಿಗೆ ಮೊದಲ ಪ್ರಶ್ನೆ ಇನ್ನೂ ಬಲವಾಗಿ ಕಾಣಬಹುದು. ಆದರೆ ಕಾನೂನಿನ ಪ್ರಕಾರವೇ ವಿಚಾರಣೆ ಮುಗಿಸಲು ಪ್ರಾಧಿಕಾರಕ್ಕೆ ಎರಡು ತಿಂಗಳ ಅವಕಾಶವಿದೆ. ಆದೇಶವಾಗುವುದು ಒಂದು, ಹಣ ಖಾತೆಗೆ ಬರುವುದು ಇನ್ನೊಂದು. ನಿಧಿಯಲ್ಲಿ ಹಣ ಇದ್ದರೆ ತಾನೇ ಬರುವುದು? ಅಷ್ಟರಲ್ಲಿ ಕಾಲೇಜಿನ ಕಂತಿನ ದಿನ ದಾಟಿರುತ್ತದೆ, ಮನೆಯ ಮಾಲೀಕ ಬಾಡಿಗೆ ಕೇಳಿರುತ್ತಾನೆ, ಹಿರಿಯ ಮಗ ಪಿಯುಸಿ ಬಿಟ್ಟು ಅಂಗಡಿ ಕೆಲಸಕ್ಕೆ ನಿಂತಿರುತ್ತಾನೆ. ಹಾಗೆ ನಿಂತ ಹುಡುಗ ಪರಿಹಾರ ಬಂದ ಮೇಲೆ ಕಾಲೇಜಿಗೆ ಮರಳುವುದು ಅಪರೂಪ. ನಿಮ್ಮ ಹಣ ಕೆಲಸ ಮಾಡುವುದು ಈ ನಡುವಿನ ತಿಂಗಳುಗಳಲ್ಲಿ.

ಇನ್ನೂ ಒಂದು ವಿಷಯ ಬಹಳ ಕುಟುಂಬಗಳಿಗೆ ಗೊತ್ತಿಲ್ಲ. 2018ರ ಆ ಯೋಜನೆಯಲ್ಲಿ ಪರಿಹಾರದ ಪೂರ್ತಿ ಹಣ ಕೈಗೆ ಸಿಗುವುದಿಲ್ಲ. ವಯಸ್ಕರಾದರೆ ಶೇ. 75ರಷ್ಟು ಕನಿಷ್ಠ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗುತ್ತದೆ, ಉಳಿದ ಶೇ. 25 ಮಾತ್ರ ಕೂಡಲೇ ಬಳಕೆಗೆ. ಅಪ್ರಾಪ್ತರಾದರೆ ಶೇ. 80 ಠೇವಣಿ, ಅದೂ ಹದಿನೆಂಟು ತುಂಬುವವರೆಗೆ. ಹಣ ಪೋಲಾಗದಿರಲಿ, ಬಂಧುಗಳ ಪಾಲಾಗದಿರಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಶುಲ್ಕದ ನೋಟಿಸು ಹಿಡಿದು ನಿಂತ ತಾಯಿಗೆ ಪಾಸ್‌ಬುಕ್ಕಿನಲ್ಲಿ ಹಣವಿದ್ದೂ ಇಲ್ಲದಂತೆ. ಅದೇ ಯೋಜನೆಯಲ್ಲಿ ಒಂದು ಬಾಗಿಲು ತೆರೆದಿದೆ: ವಿದ್ಯಾಭ್ಯಾಸ, ಚಿಕಿತ್ಸೆ ಅಥವಾ ತುರ್ತು ಅಗತ್ಯವಿದ್ದರೆ ಪ್ರಾಧಿಕಾರದ ಅನುಮತಿಯಿಂದ ಠೇವಣಿಯ ಹಣ ಮುಂಚಿತವಾಗಿ ತೆಗೆಯಬಹುದು. ಪ್ರವೇಶ ಪತ್ರ, ಶುಲ್ಕದ ಪಟ್ಟಿ ಲಗತ್ತಿಸಿ ಬರೆದುಕೊಡಬೇಕು. ರಾಜ್ಯದ ಯೋಜನೆಯಡಿ ಪರಿಹಾರ ಪಡೆದವರು ತಮ್ಮ ಆದೇಶದ ಪ್ರತಿಯಲ್ಲಿ ಠೇವಣಿಯ ಷರತ್ತು ಏನಿದೆ ಎಂದು ನೋಡಿಕೊಳ್ಳಲಿ. ಠೇವಣಿಗೆ ಬರುವ ಬಡ್ಡಿಯ ಬಗ್ಗೆ ಅನುಮಾನವಿದ್ದವರು ತಮ್ಮ ಉಲಮಾಗಳನ್ನು ಕೇಳಲಿ. ಅದೊಂದೇ ಕಾರಣಕ್ಕೆ ಅರ್ಜಿಯನ್ನೇ ಬಿಟ್ಟುಬಿಡಬೇಡಿ. ಪರಿಹಾರ ಯಾರೋ ಕೊಡುವ ಭಿಕ್ಷೆಯಲ್ಲ, ಅದು ಹಕ್ಕು.

ಇದ್ದತ್‌ನ ಮಾತೂ ಇಲ್ಲಿ ಹೇಳಲೇಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿರುತ್ತಾಳೆ. ಪರಿಹಾರದ ಅರ್ಜಿಗೆ ಅತ್ಯಂತ ಮುಖ್ಯವಾದ ತಿಂಗಳುಗಳೂ ಅವೇ. ಅವಳು ಮನೆಯಲ್ಲೇ ಸಹಿ ಮಾಡಿದ ಅರ್ಜಿಯನ್ನು ತಂದೆ, ಅಣ್ಣ ಅಥವಾ ನಮ್ಮ ಸ್ವಯಂಸೇವಕರು ಕಚೇರಿಗೆ ಮುಟ್ಟಿಸಬಹುದು. ಖುದ್ದು ಹಾಜರಾಗಲೇಬೇಕಾದಾಗ, ಅಗತ್ಯಕ್ಕೆ ಹಗಲಲ್ಲಿ ಹೊರಹೋಗಲು ಅವಕಾಶವಿದೆ ಎಂದು ಉಲಮಾಗಳು ಹೇಳಿದ್ದಾರೆ. ಮಸೀದಿ ಕಮಿಟಿಯವರು ಇದನ್ನು ಆ ಮನೆಗಳಿಗೆ ಹೋಗಿ ತಿಳಿಸಿದರೆ ದೊಡ್ಡ ಉಪಕಾರ.

ಇನ್ನು ಸಂಸ್ಥೆಗಳ ಅನುದಾನ. ದೆಹಲಿಯ ಘಟನೆಯ ನಂತರ 2013ರ ಕೇಂದ್ರ ಬಜೆಟ್‌ನಲ್ಲಿ 1000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಣೆಯಾಯಿತು. ವೈದ್ಯಕೀಯ ನೆರವು, ಪೊಲೀಸ್, ಕಾನೂನು ಸಲಹೆ, ಆಪ್ತ ಸಮಾಲೋಚನೆ ಒಂದೇ ಕಡೆ ಸಿಗುವ 'ಸಖಿ' ಕೇಂದ್ರಗಳು 2015ರಿಂದ ಆ ನಿಧಿಯಲ್ಲಿ ನಡೆಯುತ್ತಿವೆ. ನಿರಾಶ್ರಿತ ಮಹಿಳೆಯರ ವಸತಿಗೃಹಗಳು ಈಗ ಶಕ್ತಿ ಸದನದ ಹೆಸರಿನಲ್ಲಿವೆ, ಅವುಗಳ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ನಮ್ಮ ರಾಜ್ಯದ ಸಾಂತ್ವನ ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳೇ ಸರಕಾರದ ಅನುದಾನದಿಂದ ನಡೆಸಿಕೊಂಡು ಬಂದಿವೆ.

ಈ ಅನುದಾನ ಬರುವುದು ಕಂತುಗಳಲ್ಲಿ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಸಂಸ್ಥೆ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು, ಲೆಕ್ಕಪರಿಶೋಧನೆಗೆ ಒಳಪಡಬೇಕು, ಅನುದಾನದಿಂದ ಕೊಂಡ ಆಸ್ತಿಯನ್ನು ಅನುಮತಿಯಿಲ್ಲದೆ ಮಾರಬಾರದು. ಅನುದಾನದ ಮೇಲೆ ಬಂದ ಬಡ್ಡಿಯನ್ನು ಸರಕಾರಕ್ಕೇ ಹಿಂದಿರುಗಿಸಬೇಕು (ಈ ಒಂದು ನಿಯಮ ಪಾಲಿಸಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ!). ಸಾರ್ವಜನಿಕರ ಹಣಕ್ಕೆ ಇಂತಹ ಬಿಗಿ ಇರಲೇಬೇಕು. ತೊಡಕು ಇರುವುದು ಬೇರೆಡೆ. ಸಮಾಲೋಚಕಿಯ ಸಂಬಳಕ್ಕೆಂದು ಬಂದ ಹಣದಲ್ಲಿ ಮಗುವಿನ ಶುಲ್ಕ ಕಟ್ಟುವಂತಿಲ್ಲ. ಮುಂದಿನ ಕಂತು ತಡವಾದರೆ ಸಿಬ್ಬಂದಿಯ ಸಂಬಳಕ್ಕೇ ಸಾಲ ಮಾಡಬೇಕು. ಕೈಯಲ್ಲಿ ಸ್ವಂತ ಬಂಡವಾಳವಿಲ್ಲದ ಸಣ್ಣ ಸಂಸ್ಥೆ ಅನುದಾನವನ್ನೇ ನಂಬಿ ಕುಳಿತರೆ ಮೊದಲು ನಿಲ್ಲುವುದು ರಾತ್ರಿಪಾಳಿಯ ಸಿಬ್ಬಂದಿ, ಮನೆಭೇಟಿಯ ಬಸ್ ಖರ್ಚು.

ಹಾಗಾಗಿ ವಸತಿಗೃಹ, ಸಮಾಲೋಚನಾ ಕೇಂದ್ರ ನಡೆಸಲು ನಾವು ಅನುದಾನ ಕೇಳುತ್ತಿಲ್ಲ. ಅದಕ್ಕೆ ತರಬೇತಿ ಪಡೆದವರು, ದಿನದ ಇಪ್ಪತ್ತನಾಲ್ಕು ಗಂಟೆಯ ಕಾವಲು ಬೇಕು. ಅದನ್ನು ಮಾಡುತ್ತಿರುವವರ ಬಳಿಗೆ ನಾವು ಜನರನ್ನು ಕಳುಹಿಸುತ್ತೇವೆ. ನಮ್ಮ ಕೆಲಸ ಅರ್ಜಿ ಬರೆಸುವುದು ಮತ್ತು ಹಣ ಬರುವವರೆಗೆ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳುವುದು. ಶುಲ್ಕಕ್ಕೆ ಅರ್ಹ ಕುಟುಂಬಗಳಿಗೆ ಝಕಾತ್ ಹಣ ಬಳಸುತ್ತೇವೆ. ಓಡಾಟ, ಜೆರಾಕ್ಸ್, ಸ್ವಯಂಸೇವಕರ ಖರ್ಚು ಸದಕಾ ಮತ್ತು ಸಾಮಾನ್ಯ ನಿಧಿಯಿಂದ. ಎರಡರ ಲೆಕ್ಕವೂ ಈ ವರದಿಯಲ್ಲಿ ಬೇರೆ ಬೇರೆಯಾಗಿಯೇ ಇದೆ.

ನೆರವು ಪಡೆದ ಮಗುವಿನ ಫೋಟೋ ಕಳುಹಿಸಿ ಎಂದು ಕೇಳುವ ದಾನಿಗಳಿಗೆ ಒಂದು ವಿನಂತಿ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಬಹಿರಂಗಪಡಿಸುವುದು ಶಿಕ್ಷಾರ್ಹ. ಉಳಿದ ಪ್ರಕರಣಗಳಲ್ಲೂ ಹೆಸರು, ಊರು, ಭಾವಚಿತ್ರ ಪ್ರಕಟಿಸುವುದಿಲ್ಲ. ಖರ್ಚಿನ ರಸೀದಿಗಳನ್ನು ಲೆಕ್ಕಪರಿಶೋಧಕರು ನೋಡಿದ್ದಾರೆ.

ವಿದ್ಯಾರ್ಥಿವೇತನದ ಅರ್ಜಿದಾರರಿಗೆ: ಇಂತಹ ಕುಟುಂಬಗಳಿಗೆ ಕೊನೆಯ ದಿನಾಂಕದ ನಿರ್ಬಂಧವಿಲ್ಲ, ವರ್ಷದ ಯಾವ ತಿಂಗಳಲ್ಲೂ ಅರ್ಜಿ ಕೊಡಬಹುದು. ಠೇವಣಿಯಲ್ಲಿರುವ ಪರಿಹಾರದ ಹಣವನ್ನು ಆದಾಯವೆಂದು ಲೆಕ್ಕ ಹಾಕುವುದಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ಎಫ್‌ಐಆರ್ ಪ್ರತಿ, ಕೊಲೆ ಪ್ರಕರಣವಾದರೆ ಮರಣ ಪ್ರಮಾಣಪತ್ರ, ಶುಲ್ಕದ ಪಟ್ಟಿ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಲೈಂಗಿಕ ಅಪರಾಧದ ಪ್ರಕರಣವಾದರೆ ಎಫ್‌ಐಆರ್ ಪ್ರತಿಯನ್ನೂ ಕೇಳುವುದಿಲ್ಲ, ಪ್ರಕರಣ ದಾಖಲಾಗಿದೆ ಎಂದು ತಿಳಿಸಿದರೆ ಸಾಕು. ಘಟನೆಯ ವಿವರ ಬರೆಯುವ ಅಗತ್ಯವಿಲ್ಲ, ನಮ್ಮವರು ಕೇಳುವುದೂ ಇಲ್ಲ. ಕಾನೂನು ಸೇವೆಗಳ ಉಚಿತ ಸಹಾಯವಾಣಿ 15100, ಮಹಿಳೆಯರಿಗೆ 181, ಮಕ್ಕಳಿಗೆ 1098. ನಮ್ಮ ಕಚೇರಿಗೆ ಬರುವ ಮೊದಲೇ ಈ ಸಂಖ್ಯೆಗಳಿಗೆ ಕರೆ ಮಾಡಬಹುದು.